ಅಂತಸ್ತಿನ ಮದುವೆ, ಮನೆಮಂದಿಯ ಸಾಲ

2025ರ ಜನವರಿಯಲ್ಲಿ ಹಾವೇರಿ ಜಿಲ್ಲೆಯ ಒಂದಷ್ಟು ಹೆಣ್ಣುಮಕ್ಕಳು ಮಾಂಗಲ್ಯ ಸರಗಳನ್ನು ಅಂಚೆಯಲ್ಲಿ ಮುಖ್ಯಮಂತ್ರಿಗೆ ಕಳುಹಿಸಿಕೊಟ್ಟರು. ಮೈಕ್ರೋಫೈನಾನ್ಸ್‌ನವರ ಕಾಟ ತಾಳಲಾರೆವು, ನಮ್ಮ ತಾಳಿ ಉಳಿಸಿಕೊಡಿ ಎಂಬುದು ಅವರ ಮೊರೆ. ಮುಂದಿನ ತಿಂಗಳೇ ರಾಜ್ಯ ಸರ್ಕಾರ ಬಲವಂತದ ಸಾಲ ವಸೂಲಿ ತಡೆಯಲು ಸುಗ್ರೀವಾಜ್ಞೆ ತಂದಿತು. ಕಿರುಕುಳ ಕೊಟ್ಟವರಿಗೆ 10 ವರ್ಷದವರೆಗೆ ಜೈಲು, 5 ಲಕ್ಷ ರೂಪಾಯಿವರೆಗೆ ದಂಡ ಎಂದಿತು. ಆಗ ನಡೆದ ಚರ್ಚೆಯೆಲ್ಲ ಸಾಲ ಕೊಟ್ಟವರ ಬಗ್ಗೆ. ಅದು ನಡೆಯಲೇಬೇಕಿತ್ತು. ಆದರೆ ಸಾಲ ಯಾಕೆ ಮಾಡಿದಿರಿ ಎಂದು ಯಾವ ಊರಿನಲ್ಲಿ ಕೇಳಿದರೂ ಬರುವ ಉತ್ತರಗಳು ಹೆಚ್ಚುಕಡಿಮೆ ಒಂದೇ: ಆಸ್ಪತ್ರೆ, ಬಿತ್ತನೆ, ಮಕ್ಕಳ ಫೀಸು, ಮನೆ, ಮದುವೆ. ಕಾಯಿಲೆ ಹೇಳಿ ಬರುವುದಿಲ್ಲ, ಮಳೆ ನಮ್ಮ ಮಾತು ಕೇಳುವುದಿಲ್ಲ. ಮದುವೆ ಹಾಗಲ್ಲ. ತಿಂಗಳುಗಟ್ಟಲೆ ಮೊದಲೇ ಗೊತ್ತಿರುತ್ತದೆ, ಎಷ್ಟು ಖರ್ಚು ಮಾಡಬೇಕೆಂದು ಮನೆಯವರೇ ಕೂತು ತೀರ್ಮಾನಿಸುತ್ತಾರೆ. ಹಾಗಿದ್ದೂ ಕೈಮೀರುವ ಖರ್ಚುಗಳಲ್ಲಿ ಇದೂ ಒಂದು. ಯಾಕೆ ಹೀಗಾಗುತ್ತದೆ ಎಂದು ಸ್ವಲ್ಪ ನಿಧಾನವಾಗಿ ನೋಡಬೇಕಿದೆ.

ಒಂದು ಮನೆಯ ಲೆಕ್ಕ ಹಾಕೋಣ. ಇದು ಯಾರೊಬ್ಬರ ಕಥೆಯೂ ಅಲ್ಲ, ಉದಾಹರಣೆಗೆ ಕಟ್ಟಿಕೊಂಡದ್ದು. ಅಪ್ಪ ಗೂಡ್ಸ್ ಟೆಂಪೊ ಓಡಿಸುತ್ತಾನೆ, ಅಮ್ಮ ಗಾರ್ಮೆಂಟ್ಸ್‌ಗೆ ಹೋಗುತ್ತಾಳೆ. ಇಬ್ಬರದೂ ಸೇರಿ ತಿಂಗಳಿಗೆ 25,000 ರೂಪಾಯಿ. ಮಗಳ ಮದುವೆಗೆಂದು ಹೊಟ್ಟೆಬಟ್ಟೆ ಕಟ್ಟಿ ಕೂಡಿಟ್ಟದ್ದು 2 ಲಕ್ಷ. ದೇವಸ್ಥಾನದಲ್ಲಿ ತಾಳಿ ಕಟ್ಟಿಸಿ, ಹತ್ತಿರದವರನ್ನು ಕರೆದು ಊಟ ಹಾಕಲು ಅಷ್ಟು ಸಾಕು. ಮೊದಲು ಅಂದುಕೊಂಡದ್ದೂ ಅಷ್ಟೇ. ಆಮೇಲೆ ಗಂಡಿನ ಕಡೆಯವರು ಬಂದು "ನಮಗೇನೂ ಬೇಡ, ಮದುವೆ ಮಾತ್ರ ಚೆನ್ನಾಗಿ ಮಾಡಿಕೊಡಿ" ಎನ್ನುತ್ತಾರೆ. ಕೇಳಲು ಇಷ್ಟು ಸೌಜನ್ಯದ, ಮಾಡಿಕೊಡಲು ಇಷ್ಟು ಕಷ್ಟದ ಮಾತು ಇನ್ನೊಂದಿಲ್ಲ. ಇಷ್ಟು ಕೊಡಿ ಎಂದಿದ್ದರೆ ಆಗುವುದಿಲ್ಲ ಎನ್ನಬಹುದಿತ್ತು. ಚೆನ್ನಾಗಿ ಎಂದರೆ ಎಷ್ಟು? ಅದಕ್ಕೆ ಅಳತೆ ಇಲ್ಲ. ಹಿಂದಿನ ತಿಂಗಳು ಚಿಕ್ಕಪ್ಪನ ಮಗಳ ಮದುವೆ ಆದ ಛತ್ರಕ್ಕಿಂತ ಕಡಿಮೆಯಾಗಬಾರದು ಎಂಬುದೇ ಅಳತೆಯಾಗುತ್ತದೆ. ಪಾರ್ಕಿಂಗ್ ಇರುವ ಕಲ್ಯಾಣ ಮಂಟಪ, ಹಿಂದಿನ ರಾತ್ರಿ ರಿಸೆಪ್ಷನ್, ಸ್ಟೇಜಿಗೆ ಹೂವಿನ ಡೆಕೊರೇಷನ್, ಎಲೆಗೆ ಇಷ್ಟೆಂದು ಮಾತಾಡಿದ ಅಡುಗೆ ಕಾಂಟ್ರಾಕ್ಟು, ಹೋಗುವವರ ಕೈಗೆ ತಾಂಬೂಲದ ಚೀಲ, ಫೋಟೊದವನ ಜೊತೆಗೆ ಡ್ರೋನು. ಒಂದೊಂದನ್ನೂ ಬಿಡಿಯಾಗಿ ನೋಡಿದರೆ "ಇದೊಂದಕ್ಕೆ ಯಾಕೆ ಹಿಂದೆ ನೋಡೋದು" ಎನ್ನಿಸುತ್ತದೆ. ಎಲ್ಲ ಕೂಡಿದಾಗ ಏಳೂವರೆ ಲಕ್ಷ.

ಮಿಕ್ಕ ಐದೂವರೆ ಲಕ್ಷ ನಾಲ್ಕು ಕಡೆಯಿಂದ ಬರುತ್ತದೆ. 3 ಲಕ್ಷ ಕೈಸಾಲ, ನೂರಕ್ಕೆ ತಿಂಗಳಿಗೆ 3 ರೂಪಾಯಿ ಬಡ್ಡಿ. ಮೂರು ರೂಪಾಯಿ ಎಂದಾಗ ಸಣ್ಣದಾಗಿ ಕೇಳಿಸುತ್ತದೆ, ವರ್ಷಕ್ಕೆ ಹಿಡಿದರೆ ಶೇ 36. ತಿಂಗಳಿಗೆ 9,000 ಬಡ್ಡಿಗೇ ಹೋಗುತ್ತದೆ. ಮೂರು ವರ್ಷ ತಪ್ಪದೆ ಕಟ್ಟಿದರೆ 3,24,000 ಕೊಟ್ಟಂತಾಯಿತು, ಅಸಲು 3 ಲಕ್ಷ ಇದ್ದ ಹಾಗೇ ಇರುತ್ತದೆ. ಇನ್ನೊಂದು ಚೀಟಿ. ಇಪ್ಪತ್ತು ಜನ ತಿಂಗಳಿಗೆ ಐದೈದು ಸಾವಿರ ಕಟ್ಟುವ ಒಂದು ಲಕ್ಷದ ಚೀಟಿಯನ್ನು, ಮದುವೆ ಹತ್ತಿರ ಬಂತೆಂದು ಮೊದಲ ತಿಂಗಳುಗಳಲ್ಲೇ 30,000 ಬಿಟ್ಟು ಕೂಗಿಕೊಳ್ಳಬೇಕು. ಕೈಗೆ ಬಂದದ್ದು 70,000. ಆ ಬಿಟ್ಟ ದುಡ್ಡು ಮಿಕ್ಕವರಿಗೆ ಕಂತಿನಲ್ಲಿ ಕಡಿತವಾಗಿ ಹಂಚಿಹೋಗುತ್ತದೆ, ಅಂದರೆ ಅವಸರ ಇರುವವರು ಅವಸರ ಇಲ್ಲದವರಿಗೆ ಕೊಡುವ ಬಡ್ಡಿ ಅದು. ಕಡಿತ ಕಳೆದು ತಿಂಗಳಿಗೆ ಸುಮಾರು 4,000 ಎಂದಿಟ್ಟುಕೊಳ್ಳಿ. ಮೂರನೆಯದು ಅಮ್ಮನ ಹೆಸರಿನಲ್ಲಿ ಮೈಕ್ರೋಫೈನಾನ್ಸ್ ಸಂಘದ ಸಾಲ 60,000, ವಾರಕ್ಕೆ 750ರಂತೆ ಎರಡು ವರ್ಷ. ಇಷ್ಟೂ ಸೇರಿ ತಿಂಗಳಿಗೆ 16,250. ಇಪ್ಪತ್ತೈದು ಸಾವಿರದ ಮನೆಯಲ್ಲಿ ಇನ್ನುಳಿದದ್ದು 8,750. ಬಾಡಿಗೆ, ರೇಷನ್, ಗ್ಯಾಸು, ಬಸ್ಸು, ಚಿಕ್ಕ ಮಗನ ಕಾಲೇಜು ಎಲ್ಲವೂ ಅದರಲ್ಲೇ ಆಗಬೇಕು.

ಸಂಘದ ಸಾಲಕ್ಕೆ ಲಗಾಮು ಇಲ್ಲವೇ ಎಂದರೆ, ಇದೆ. ರಿಸರ್ವ್ ಬ್ಯಾಂಕ್ 2022ರಲ್ಲಿ ಮಾಡಿದ ನಿಯಮದ ಪ್ರಕಾರ ವರ್ಷಕ್ಕೆ 3 ಲಕ್ಷದವರೆಗೆ ಆದಾಯ ಇರುವ ಕುಟುಂಬಕ್ಕೆ ಅಡಮಾನವಿಲ್ಲದೆ ಸಾಲ ಕೊಡುವಾಗ, ಆ ಮನೆಯ ಎಲ್ಲ ಸಾಲದ ಕಂತುಗಳು ಸೇರಿ ತಿಂಗಳ ಆದಾಯದ ಅರ್ಧ ಮೀರಬಾರದು. ನಿಯಮ ಒಳ್ಳೆಯದೇ. ಆದರೆ ಕೈಸಾಲ ಯಾವ ಕಂಪ್ಯೂಟರಿನಲ್ಲೂ ಕಾಣುವುದಿಲ್ಲ, ಬೀದಿಯ ಚೀಟಿ ಯಾವ ಕ್ರೆಡಿಟ್ ಸ್ಕೋರಿಗೂ ಸೇರುವುದಿಲ್ಲ. ಅರ್ಜಿ ತುಂಬುವ ದಿನ ಈ ಮನೆಗೆ ಸಾಲವೇ ಇಲ್ಲ.

ನಾಲ್ಕನೆಯದು ಒಡವೆ. ಗೋಲ್ಡ್ ಲೋನ್ ಕೌಂಟರಿನ ಮುಂದೆ ನಿಂತು ನೋಡಿದವರಿಗೆ ಗೊತ್ತು. ಅಂಗಡಿಯಲ್ಲಿ ಕೊಂಡಾಗ ಕಲ್ಲು, ಕೆತ್ತನೆ, ಹೊಸ ಡಿಸೈನು ಎಂದು ಮೆಚ್ಚಿ ಆರಿಸಿದ ಸರವನ್ನು ಅಲ್ಲಿ ತಿರುವಿ ಹಾಕುತ್ತಾರೆ. ಒರೆಗಲ್ಲಿಗೆ ತೀಡಿ, ಆಸಿಡ್ ಹನಿ ಬಿಟ್ಟು ನೋಡುತ್ತಾರೆ. ಕಲ್ಲಿನ ತೂಕ, ಒಳಗಿನ ಅರಗಿನ ತೂಕ ಕಳೆಯುತ್ತಾರೆ. ಕೂಲಿ ಮತ್ತು ವೇಸ್ಟೇಜಿಗೆಂದು ಕೊಟ್ಟ ದುಡ್ಡು ತಕ್ಕಡಿಯ ಮೇಲೆ ಬರುವುದೇ ಇಲ್ಲ. ಉಳಿದ ಬಂಗಾರದ ಬೆಲೆಯ ಇಂತಿಷ್ಟು ಭಾಗ ಮಾತ್ರ ಸಾಲ. ನೋಡುವವರ ಕಣ್ಣಿಗೆ ಎದ್ದು ಕಾಣಲಿ ಎಂದು ಹೆಚ್ಚು ಕೊಟ್ಟ ಅಷ್ಟೂ ದುಡ್ಡು ಆ ಕೌಂಟರಿನಲ್ಲಿ ಸೊನ್ನೆ. ಹೊಸ ಸೊಸೆಯ ಒಡವೆ ಅವಳ ಮದುವೆಯ ಸಾಲ ತೀರಿಸಲೆಂದೇ ಗಿರವಿ ಅಂಗಡಿ ಸೇರುವುದೂ ನಮ್ಮಲ್ಲಿ ಹೊಸದೇನಲ್ಲ. ಕೊನೆಗೆ ತಾಳಿಯ ಸರವೂ ಹೋದಾಗ ಹೆಂಗಸರು ದಾರಕ್ಕೆ ಅರಿಶಿನದ ಕೊಂಬು ಕಟ್ಟಿಕೊಂಡು, ಸೆರಗು ಮೇಲೆಳೆದುಕೊಂಡು ಓಡಾಡುತ್ತಾರೆ. ಗಂಡಸಿನ ಪ್ರತಿಷ್ಠೆಗೆ ಮಾಡಿದ ಸಾಲವನ್ನು ಹೆಂಗಸಿನ ಕೊರಳು ತೀರಿಸುತ್ತದೆ. ಸಂಘದ ಸಾಲವೂ ಅವಳ ಹೆಸರಿನಲ್ಲೇ ಇರುವುದರಿಂದ ವಾರದ ಕಂತಿಗೆ ಬಾಗಿಲು ತಟ್ಟಿದಾಗ ಉತ್ತರ ಕೊಡಬೇಕಾದವಳೂ ಅವಳೇ.

ಇದನ್ನೆಲ್ಲ ಬಡವರ ಜಂಬ, ಒಣ ಡೌಲು ಎಂದು ತಳ್ಳಿಹಾಕುವುದು ಸುಲಭ. ಹಿಂದೆಯೂ ಹಾಗೇ ಮಾಡಿದ್ದರು. 1875ರಲ್ಲಿ ಪುಣೆ ಜಿಲ್ಲೆಯ ಸೂಪಾದಲ್ಲಿ ಶುರುವಾಗಿ ಪುಣೆ, ಅಹ್ಮದ್‌ನಗರ ಸೀಮೆಯ ರೈತರು ಸಾಹುಕಾರರ ಮೇಲೆ ತಿರುಗಿಬಿದ್ದರು. ಸಾಲಪತ್ರಗಳನ್ನು ಕಿತ್ತುಕೊಂಡು ಸುಟ್ಟರು. ರೈತ ಸಾಲಗಾರನಾಗುವುದು ಮದುವೆ ಮುಂಜಿಗೆ ದುಂದು ಮಾಡುವುದರಿಂದ ಎಂಬ ಮಾತು ಆಗಿನ ಬ್ರಿಟಿಷ್ ಅಧಿಕಾರಿಗಳ ಬಾಯಲ್ಲಿತ್ತು. ಆ ದಂಗೆಯ ಬಗ್ಗೆ ವಿಚಾರಣೆ ಮಾಡಿದ ಆಯೋಗವೇ, ಮದುವೆ ಖರ್ಚಿಗೆ ಅಗತ್ಯಕ್ಕಿಂತ ಹೆಚ್ಚು ಒತ್ತು ಕೊಡಲಾಗಿದೆ ಎಂದು ಹೇಳಬೇಕಾಯಿತು. ಕಂದಾಯದ ಹೊರೆ, ಬಿದ್ದ ಹತ್ತಿ ಬೆಲೆ, ಸಾಹುಕಾರನ ಬಡ್ಡಿ, ಅವನ ಪರವಾಗಿದ್ದ ಕೋರ್ಟು ಇವನ್ನೆಲ್ಲ ಬಿಟ್ಟು ಮದುವೆಯ ಊಟದ ಕಡೆ ಬೆರಳು ತೋರಿಸುವುದು ಆಳುವವರಿಗೆ ಅನುಕೂಲವಾಗಿತ್ತು. ಈಗಲೂ ಅದೇ ತಪ್ಪು ಮಾಡಬಾರದು. ಕೂಲಿ ಕಡಿಮೆ, ಕಾಯಿಲೆಗೆ ಆಸ್ಪತ್ರೆ ದುಬಾರಿ. ಬರೀ ಮದುವೆಯಿಂದ ಯಾರೂ ಬಡವರಾದವರಲ್ಲ. ಆದರೆ ಅಂಚಿನಲ್ಲಿ ನಿಂತ ಸಂಸಾರವನ್ನು ಕೆಳಗೆ ನೂಕುವ ಶಕ್ತಿ ಒಂದು ಮದುವೆಗಿದೆ, ಅದನ್ನು ಕಣ್ಣಾರೆ ಕಂಡವರು ಪ್ರತಿ ಊರಿನಲ್ಲೂ ಇದ್ದಾರೆ.

ಮದುವೆಯಲ್ಲಿ ಅಂತಸ್ತು ತೋರಿಸಲೇಬೇಕು ಎಂಬ ಈ ಒತ್ತಡ ಎಲ್ಲಿಂದ ಬಂತು? ಇದಕ್ಕೆ ನಮ್ಮ ಮೈಸೂರಿನವರೇ ಆದ ಸಮಾಜಶಾಸ್ತ್ರಜ್ಞ ಎಂ.ಎನ್. ಶ್ರೀನಿವಾಸ್ ಅವರ ಕೆಲಸ ನೋಡಬೇಕು. ಮೈಸೂರು ಸೀಮೆಯ ಮದುವೆ ಮತ್ತು ಕುಟುಂಬದ ಬಗ್ಗೆ ಅವರು ಬರೆದ ಪುಸ್ತಕ 1942ರಲ್ಲೇ ಬಂತು. ಅಲ್ಲಿನ ಅನೇಕ ಬ್ರಾಹ್ಮಣೇತರ ಸಮುದಾಯಗಳಲ್ಲಿ ಆಗ ಇದ್ದದ್ದು ತೆರ, ಅಂದರೆ ಗಂಡಿನ ಕಡೆಯವರೇ ಹೆಣ್ಣಿನ ಮನೆಗೆ ಹಣ ಕೊಡುವ ಪದ್ಧತಿ. ಗೇಯುವ ಕೈ ಒಂದು ಮನೆಯಿಂದ ಇನ್ನೊಂದಕ್ಕೆ ಹೋಗುತ್ತಿತ್ತು, ಅದಕ್ಕೆ ಬೆಲೆ ಇತ್ತು. ಮುಂದೆ ಗಂಡು ಓದಿದ, ಪೇಟೆ ಸೇರಿದ, ಸಂಬಳದ ನೌಕರಿ ಹಿಡಿದ. ಮೇಲು ಜಾತಿಯವರ ಮನೆಗಳಲ್ಲಿ ಓದಿದ ವರನಿಗೆ ದಕ್ಷಿಣೆ ಕೊಡುವುದು ಆಗಲೇ ರೂಢಿಯಾಗಿತ್ತು. ಕೆಳಗಿನಿಂದ ಮೇಲೆ ಬರುತ್ತಿದ್ದ ಸಮುದಾಯಗಳು ಮೇಲಿನವರ ಊಟ, ಉಡುಪು, ಆಚಾರಗಳನ್ನು ತಮ್ಮದಾಗಿಸಿಕೊಂಡ ಹಾಗೇ ಇದನ್ನೂ ತೆಗೆದುಕೊಂಡವು. ತೆರ ತೆಗೆದುಕೊಳ್ಳುವುದು ಹೆಣ್ಣು ಮಾರಿದಂತೆ ಎಂಬ ನಾಚಿಕೆ ಹುಟ್ಟಿತು. ವರದಕ್ಷಿಣೆ ಕೊಡುವುದು ಅಂತಸ್ತಿನ ಗುರುತಾಯಿತು. ಈ ಅನುಕರಣೆಯನ್ನೇ ಶ್ರೀನಿವಾಸ್ ಸಂಸ್ಕೃತೀಕರಣ ಎಂದು ಕರೆದದ್ದು. 1980ರ ದಶಕದಲ್ಲಿ ವರದಕ್ಷಿಣೆಯ ಬಗ್ಗೆಯೇ ಬರೆದಾಗ ಅವರು, ಇದು ಹಳೆಯ ಸ್ತ್ರೀಧನದ ಮುಂದುವರಿಕೆ ಅಲ್ಲವೇ ಅಲ್ಲ, ಹಣ, ಇಂಗ್ಲಿಷ್ ಓದು, ಸಂಬಳದ ಕೆಲಸ ಬಂದ ಮೇಲೆ ಬೆಳೆದ ಹೊಸ ಪಿಡುಗು ಎಂದು ವಾದಿಸಿದರು.

ಈ ಮಾತು ನನಗೆ ಬಹಳ ಮುಖ್ಯ ಎನ್ನಿಸುತ್ತದೆ. ಎರಡು ಮೂರು ತಲೆಮಾರಿನ ಹಿಂದೆ ಹೆಣ್ಣು ಹೆತ್ತವರು ಸಾಲ ಮಾಡಬೇಕಾಗಿಯೇ ಇರಲಿಲ್ಲ ಎಂಬ ಎಷ್ಟೋ ಮನೆಗಳು ಇವತ್ತು ಹೆಣ್ಣಿನ ಮದುವೆಯ ಸಾಲದಲ್ಲಿ ಮುಳುಗಿವೆ. ಇದು ಅನಾದಿಯಿಂದ ಬಂದದ್ದು, ಬಿಡಲಾಗದು ಎಂಬ ಮಾತು ಸುಳ್ಳು. ಆ ಮನೆಗಳ ಅಜ್ಜಿ ಮುತ್ತಜ್ಜಿಯರ ಕಾಲದಲ್ಲಿ ಇಲ್ಲದ್ದು ಇದು. ಜೊತೆಗೆ, ಮೇಲೆ ಬರಬೇಕೆಂಬ ಆ ಆಸೆಯಲ್ಲಿ ತಪ್ಪೇನೂ ಇಲ್ಲ ಎಂಬುದನ್ನೂ ಹೇಳಬೇಕು. ಎಷ್ಟೋ ವರ್ಷ ಬೇರೆಯವರ ಜಗಲಿಯ ಕೆಳಗೆ ನಿಂತ ಮನೆತನಕ್ಕೆ ಒಂದು ದಿನ ಛತ್ರದ ಬಾಗಿಲಲ್ಲಿ ನಿಂತು, ಬಂದವರಿಗೆ ಕೈಮುಗಿದು, ಗೌರವ ಪಡೆಯಬೇಕು ಎನ್ನಿಸುವುದು ಸಹಜ. ಅವರು ಬಯಸುವುದು ಮರ್ಯಾದೆಯನ್ನು. ಆ ಮರ್ಯಾದೆ ಸಿಗುವ ಬೇರೆ ಜಾಗಗಳನ್ನು ನಮ್ಮ ಸಮಾಜ ಅವರಿಗೆ ಮುಚ್ಚಿಟ್ಟಿದೆ, ಮದುವೆ ಮನೆಯೊಂದನ್ನು ದುಡ್ಡಿಗೆ ತೆರೆದಿಟ್ಟಿದೆ.

ಕರ್ನಾಟಕದ ಹಳ್ಳಿಗಳ ಮಾಹಿತಿಯನ್ನೇ ಇಟ್ಟುಕೊಂಡು ಫ್ರಾನ್ಸಿಸ್ ಬ್ಲಾಕ್, ವಿಜಯೇಂದ್ರ ರಾವ್, ಸೊನಾಲ್ಡೆ ದೇಸಾಯಿ ಎಂಬ ಮೂವರು 2004ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಅದರ ವಾದ ಸರಳ. ಅಳಿಯ ಅದೇ ಊರಿನವನಾದರೆ ಅವನ ಮನೆತನ ಎಂಥದು ಎಂದು ಊರಿಗೆಲ್ಲ ಗೊತ್ತು, ತೋರಿಸಬೇಕಾದ್ದೇನೂ ಇಲ್ಲ. ಹೊರಗಿನಿಂದ ಬಂದವನಾದರೆ ಊರಿನವರಿಗೆ ಏನೂ ತಿಳಿಯದು. ಆಗ ಹೆಣ್ಣಿನ ಮನೆಯವರು ನಾವು ದೊಡ್ಡ ಮನೆಯ ಸಂಬಂಧ ಬೆಳೆಸಿದ್ದೇವೆ ಎಂದು ಊರಿಗೆ ಹೇಳುವುದು ಮದುವೆಯ ವೈಭವದ ಮೂಲಕ. ಅಂದರೆ ಚಪ್ಪರದ ಗಾತ್ರ ಬೀಗರಿಗಾಗಿ ಇರುವುದಕ್ಕಿಂತ ಹೆಚ್ಚಾಗಿ ನೆರೆಮನೆಯವರಿಗಾಗಿ. ಎರಡು ಊಟ ಮಾಡಿ ಹೋಗುವ, ಮುಂದೆ ಒಂದು ಕಂತನ್ನೂ ಕಟ್ಟದ ಜನರಿಗಾಗಿ.

ಆ ಜನರನ್ನು ಕಡಿಮೆ ಕರೆದರಾಯಿತು ಎನ್ನುವುದೂ ಸುಲಭದ ಮಾತಲ್ಲ. ಹಳೇ ಮೈಸೂರು ಕಡೆ ಧಾರೆ ಮುಗಿಯುತ್ತಿದ್ದಂತೆ ಮನೆಯ ನಂಬಿಕಸ್ಥರೊಬ್ಬರು ನೋಟ್‌ಬುಕ್ಕು, ಪೆನ್ನು, ಬಗಲಲ್ಲೊಂದು ಚೀಲ ಇಟ್ಟುಕೊಂಡು ಕೂರುತ್ತಾರೆ. ಊಟ ಮುಗಿಸಿ ಬಂದವರು ಒಬ್ಬೊಬ್ಬರೇ ಹೆಸರು, ಊರು ಹೇಳಿ ಮುಯ್ಯಿ ಬರೆಸುತ್ತಾರೆ. ಐನೂರು, ಸಾವಿರ. ನೂರೊಂದು ಬರೆಸುವ ಮುದುಕಿಯೂ ಇರುತ್ತಾಳೆ, ಅದನ್ನೂ ಅಷ್ಟೇ ಶ್ರದ್ಧೆಯಿಂದ ಬರೆಯುತ್ತಾರೆ. ಆ ಪುಸ್ತಕ ಬೀರುವಿನಲ್ಲಿ ಪಟ್ಟೆ ಸೀರೆಗಳ ನಡುವೆ ಭದ್ರವಾಗಿರುತ್ತದೆ. ಆ ಮನೆಗಳಿಂದ ಲಗ್ನಪತ್ರಿಕೆ ಬಂದಾಗಲೆಲ್ಲ ಅದನ್ನು ತೆಗೆದು ನೋಡಿ, ಬಂದದ್ದಕ್ಕೆ ಸ್ವಲ್ಪ ಸೇರಿಸಿ ಹಿಂದಿರುಗಿಸುತ್ತಾರೆ. ಬಡ್ಡಿಯಿಲ್ಲದ, ಪತ್ರವಿಲ್ಲದ, ಕೋರ್ಟಿಲ್ಲದ ಸಾಲವ್ಯವಸ್ಥೆ ಇದು. ಒಂದು ಮದುವೆಯ ಭಾರವನ್ನು ಇಡೀ ಊರು ಹೊರಲೆಂದು ಹಿರಿಯರು ಮಾಡಿದ ಏರ್ಪಾಡು. ಎಲ್ಲರ ಮದುವೆಯೂ ಮನೆ ಮುಂದಿನ ಚಪ್ಪರದಲ್ಲಿ, ಅಕ್ಕಪಕ್ಕದವರೇ ಬೇಯಿಸಿ ಬಡಿಸುವಷ್ಟರಲ್ಲಿ ಇದ್ದಾಗ ಅದು ನಡೆಯುತ್ತಿತ್ತು.

ಛತ್ರ, ಕಾಂಟ್ರಾಕ್ಟು ಬಂದ ಮೇಲೆ ಖರ್ಚು ಒಂದೇ ದಿನದಲ್ಲಿ ಕೈಬಿಟ್ಟು ಹೋಗುತ್ತದೆ, ಮುಯ್ಯಿ ಮಾತ್ರ ಹಿಂದಿನ ಅಳತೆಯಲ್ಲೇ ಬರುತ್ತದೆ. ಆದರೆ ಪುಸ್ತಕ ಉಳಿದಿದೆ. ಅದರಲ್ಲಿ ಹೆಸರಿರುವ ಪ್ರತಿಯೊಬ್ಬರನ್ನೂ ಕರೆಯಲೇಬೇಕು. "ಅವರ ಮನೇಲಿ ನಾವು ಊಟ ಮಾಡಿದ್ದೀವಿ, ಈಗ ಬಿಟ್ಟರೆ ಹೇಗೆ?" ಎಂದು ಹೆಂಡತಿ ಕೇಳುವುದರಲ್ಲಿ ನ್ಯಾಯವಿದೆ. ಹೀಗೆ ಬೆಳೆದ ಪಟ್ಟಿ ಎಂಟುನೂರು, ಸಾವಿರ ಎಲೆಗೆ ಮುಟ್ಟುತ್ತದೆ. ಒಬ್ಬನೇ ಮನುಷ್ಯ ಎದ್ದು ನಿಂತು ನಾನು ಸರಳವಾಗಿ ಮಾಡುತ್ತೇನೆ ಎಂದರೆ ಅದು ಋಣ ತೀರಿಸದೆ ತಪ್ಪಿಸಿಕೊಂಡಂತೆ ಊರಿಗೆ ಕಾಣುತ್ತದೆ.

ಸರಳ ಮದುವೆಯ ದಾರಿಗಳು ನಮ್ಮಲ್ಲಿ ಇಲ್ಲವೆಂದಲ್ಲ. ಧರ್ಮಸ್ಥಳದಲ್ಲಿ 1972ರಿಂದ ಸಾಮೂಹಿಕ ವಿವಾಹ ನಡೆದುಕೊಂಡು ಬಂದಿದೆ. 2020ರಲ್ಲಿ ಮುಜರಾಯಿ ಇಲಾಖೆ ಸಪ್ತಪದಿ ಎಂಬ ಯೋಜನೆ ಮಾಡಿ, ದೊಡ್ಡ ದೇವಸ್ಥಾನಗಳಲ್ಲಿ ಮದುವೆಯಾಗುವ ಜೋಡಿಗೆ 8 ಗ್ರಾಂ ಚಿನ್ನದ ತಾಳಿ, ವಧುವಿಗೆ 10,000, ವರನಿಗೆ 5,000 ರೂಪಾಯಿ ಕೊಡುವುದಾಗಿ ಹೇಳಿತು. ಇವೆಲ್ಲ ಒಳ್ಳೆಯ ಕೆಲಸಗಳೇ. ಆದರೂ ಮಾತುಕತೆಗೆ ಕೂತಾಗ "ಸಾಮೂಹಿಕದಲ್ಲಿ ಮಾಡೋಣ" ಎಂದು ಬಾಯಿಬಿಡಲು ಹೆಣ್ಣಿನ ತಂದೆ ಹೆದರುತ್ತಾನೆ. ಗತಿಯಿಲ್ಲದವರು ಎಂದುಕೊಂಡಾರು ಎಂಬ ಭಯ. ಅದು ಹುಸಿ ಭಯವೂ ಅಲ್ಲ, ಅಂದುಕೊಳ್ಳುವವರು ಇದ್ದಾರೆ.

ಇದೇ ಸರಳತೆ ದೊಡ್ಡವರ ಮನೆಯಲ್ಲಿ ಬೇರೆಯೇ ಆಗಿ ಕಾಣುತ್ತದೆ. 1966ರಲ್ಲಿ ಕವಿ ಕುವೆಂಪು ಅವರ ಮಗ ಪೂರ್ಣಚಂದ್ರ ತೇಜಸ್ವಿ ಮತ್ತು ರಾಜೇಶ್ವರಿ ಅವರ ಮದುವೆ ನಡೆದದ್ದು ಕುವೆಂಪು ಅವರೇ ರೂಪಿಸಿದ ಮಂತ್ರಮಾಂಗಲ್ಯದಂತೆ. ವರದಕ್ಷಿಣೆ ಇಲ್ಲ, ಜಾತಕ ಮುಹೂರ್ತಗಳಿಲ್ಲ, ಪುರೋಹಿತರಿಲ್ಲ, ದುಂದಿಲ್ಲ. ಗಂಡು ಹೆಣ್ಣು ಪ್ರತಿಜ್ಞಾ ವಚನ ಓದಿ ಗಂಡಹೆಂಡಿರಾದರು. ಆ ಹೊತ್ತಿಗೆ ಕುವೆಂಪು ಮೈಸೂರು ವಿಶ್ವವಿದ್ಯಾನಿಲಯದ ಕುಲಪತಿಯಾಗಿ ನಿವೃತ್ತರಾಗಿದ್ದರು, ಪದ್ಮಭೂಷಣ ಬಂದಿತ್ತು. ಅವರಿಗೆ ಗತಿಯಿಲ್ಲ ಎಂದು ಯಾರೂ ಆಡಿಕೊಳ್ಳುವಂತಿರಲಿಲ್ಲ. ಅದನ್ನು ಜನ ಆದರ್ಶ ಎಂದರು. ಅನೇಕ ಮೇಷ್ಟ್ರುಗಳು, ಬರಹಗಾರರು, ಚಳವಳಿಗಳಲ್ಲಿ ಇದ್ದ ಹುಡುಗ ಹುಡುಗಿಯರು ಆ ದಾರಿಯಲ್ಲಿ ಮದುವೆಯಾದರು, ಇವತ್ತಿಗೂ ಆಗುತ್ತಿದ್ದಾರೆ. ಟೆಂಪೊ ಡ್ರೈವರ್ ಅದನ್ನೇ ಮಾಡಿದ್ದರೆ ಪಾಪ ಎನ್ನುತ್ತಿದ್ದರು. ಒಂದೇ ಕೆಲಸ, ಮಾಡುವವರ ಜಾಗ ನೋಡಿ ಮಾನವೋ ಅವಮಾನವೋ ಆಗುತ್ತದೆ.

ಮೇಲಿನಿಂದ ಇಳಿದು ಬರುವುದು ಆದರ್ಶ ಮಾತ್ರವಲ್ಲ, ಆಡಂಬರವೂ ಹಾಗೇ ಬರುತ್ತದೆ. 2016ರ ನವೆಂಬರ್‌ನಲ್ಲಿ, ನೋಟು ರದ್ದಾಗಿ ಜನ ಎಟಿಎಂ ಮುಂದೆ ಸಾಲು ನಿಂತಿದ್ದ ವಾರದಲ್ಲೇ, ಬೆಂಗಳೂರಿನ ಅರಮನೆ ಮೈದಾನದಲ್ಲಿ ಗಣಿ ಉದ್ಯಮದಿಂದ ರಾಜಕೀಯಕ್ಕೆ ಬಂದವರೊಬ್ಬರ ಮಗಳ ಮದುವೆ ನಡೆಯಿತು. ವಿಜಯನಗರದ ವೈಭವದ ಸೆಟ್ಟುಗಳು, ಮುಚ್ಚಳ ತೆಗೆದರೆ ವಿಡಿಯೊ ಓಡುವ ಲಗ್ನಪತ್ರಿಕೆ. ನಾಡಿಗೆ ನಾಡೇ ಬೆರಗಾಗಿ ನೋಡಿತು. ಅಂಥದ್ದನ್ನು ಮಾಡುವ ಶಕ್ತಿ ಹೆಚ್ಚಿನವರಿಗೆ ಇಲ್ಲ ನಿಜ, ಆದರೆ ಸೆಟ್ಟು ಬೇಕು, ಪತ್ರಿಕೆ ಡಬ್ಬಿಯಲ್ಲಿ ಇರಬೇಕು ಎಂಬ ಆಸೆ ಮೆಟ್ಟಿಲು ಮೆಟ್ಟಿಲಾಗಿ ಇಳಿಯುತ್ತದೆ. ದೊಡ್ಡ ಕುಳ ಮಾಡಿದ್ದನ್ನು ಕಾಂಟ್ರಾಕ್ಟರ್, ಕಾಂಟ್ರಾಕ್ಟರ್ ಮಾಡಿದ್ದನ್ನು ಅಂಗಡಿಯವರು, ಅವರು ಮಾಡಿದ್ದನ್ನು ಅವರ ಹತ್ತಿರ ಕೆಲಸಕ್ಕಿರುವವರು. ಒಬ್ಬೊಬ್ಬರೂ ತಮಗಿಂತ ಒಂದು ಮೆಟ್ಟಿಲು ಮೇಲಿನವರನ್ನು ನೋಡಿ ಅಳೆದುಕೊಳ್ಳುತ್ತಾರೆ. ಕೊನೆಯ ಮೆಟ್ಟಿಲಿನವರಿಗೆ ಅದು ನೂರಕ್ಕೆ 3 ರೂಪಾಯಿ ಬಡ್ಡಿಯಲ್ಲಿ ಸಿಗುತ್ತದೆ.

2020ರ ಮೇನಲ್ಲಿ ಕೊರೊನಾ ಕಾರಣಕ್ಕೆ ಮದುವೆಗೆ 50 ಜನ ಮೀರಬಾರದು ಎಂದು ಸರ್ಕಾರವೇ ಕಟ್ಟಿಹಾಕಿದಾಗ ಮದುವೆಗಳು ನಿಲ್ಲಲಿಲ್ಲ. ಮನೆ ಮುಂದೆ, ತೋಟದಲ್ಲಿ, ದೇವಸ್ಥಾನದ ಪೌಳಿಯಲ್ಲಿ ನಡೆದವು. ಮುಯ್ಯಿ ಪುಸ್ತಕದವರು ಕೋಪಿಸಿಕೊಳ್ಳಲಿಲ್ಲ, ಯಾರಿಗೂ ಮಾನ ಹೋಗಲಿಲ್ಲ, ಯಾಕೆಂದರೆ ಎಲ್ಲರೂ ಒಟ್ಟಿಗೆ ಚಿಕ್ಕದಾಗಿ ಮಾಡಿದರು. ಒಬ್ಬರೇ ಬಿಡಲಾಗದ್ದನ್ನು ಎಲ್ಲರೂ ಒಟ್ಟಿಗೆ ಬಿಡಬಹುದು ಎಂಬುದಕ್ಕೆ ಅಷ್ಟು ದೊಡ್ಡ ಪುರಾವೆ ನಮ್ಮ ಕಣ್ಣೆದುರೇ ಆಗಿಹೋಯಿತು. ನಿರ್ಬಂಧ ಸಡಿಲವಾದ ಮೇಲೆ ಛತ್ರಗಳು ಮತ್ತೆ ತುಂಬಿದವು.

ಆದ್ದರಿಂದ ನನ್ನ ಕೋರಿಕೆ ಸಾಲ ಮಾಡಿದ ತಂದೆತಾಯಿಯರಿಗೆ ಅಲ್ಲ. ಅವರಿಗೆ ಬುದ್ಧಿ ಹೇಳಲು ಸಾಕಷ್ಟು ಜನ ಇದ್ದಾರೆ. ಇದು ಊರಿನಲ್ಲಿ ಹೆಸರಿರುವವರಿಗೆ: ಮೇಷ್ಟ್ರು, ಡಾಕ್ಟರು, ಪಂಚಾಯಿತಿ ಅಧ್ಯಕ್ಷರು, ತೋಟ ಇರುವವರು, ಬೆಂಗಳೂರಲ್ಲಿ ಕೆಲಸ ಮಾಡುವ ಮಗ ಇರುವವರು. ನಿಮ್ಮ ಮನೆಯ ಮುಂದಿನ ಮದುವೆಯನ್ನು ನಿಮ್ಮ ಶಕ್ತಿಗಿಂತ ತೀರಾ ಕಡಿಮೆಯಲ್ಲಿ, ಎಲ್ಲರಿಗೂ ಕಾಣುವಂತೆ ಮಾಡಿ. ಗಂಡಿನ ಕಡೆಯವರಾಗಿದ್ದರೆ "ಚೆನ್ನಾಗಿ ಮಾಡಿಕೊಡಿ" ಎನ್ನಬೇಡಿ. ಇಷ್ಟೇ ಜನ, ಇಷ್ಟೇ ಊಟ, ಖರ್ಚು ಅರ್ಧ ನಮ್ಮದು ಎಂದು ಬಾಯಿಬಿಟ್ಟು ಹೇಳಿ. ನಿಮ್ಮ ಮನೆಯ ಡ್ರೈವರೋ ಕೆಲಸದವರೋ ದೇವಸ್ಥಾನದಲ್ಲಿ ಮಗಳ ಮದುವೆ ಇಟ್ಟುಕೊಂಡು ಕರೆದರೆ, ಕವರ್ ಕಳುಹಿಸಿ ಸುಮ್ಮನಾಗದೆ ಹೆಂಡತಿ ಮಕ್ಕಳ ಜೊತೆ ಹೋಗಿ, ಪಂಕ್ತಿಯಲ್ಲಿ ಕೂತು ಊಟ ಮಾಡಿ ಬನ್ನಿ.